ಹತ್ತೊಂಬತ್ತು ಖಾಲಿ ಸಾಲು

ಸೇಡಂನ ನಮ್ಮ ಕಾಲೇಜಿನ ಲ್ಯಾಬಿನಲ್ಲಿ, ಕಿಟಕಿಯ ಪಕ್ಕ ಐದು ಹಳೆಯ ಕಂಪ್ಯೂಟರುಗಳಿವೆ. ಅವಕ್ಕೆ ನಾವೆಲ್ಲ ಡಬ್ಬಿ ಎನ್ನುತ್ತೇವೆ. ಐದನ್ನೂ ಕೇಬಲ್ಲಿನಿಂದ ಜೋಡಿಸಿ, ಒಂದೇ ಕೆಲಸವನ್ನು ಹಂಚಿಕೊಂಡು ಮಾಡುವಂತೆ ಹೊಂದಿಸಿದವಳು ನಾನು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಂದು ಹೆಸರಿಟ್ಟೆ. ಚಿಂಚೋಳಿಗೆ ರೈಲಿಲ್ಲ, ಆ ಡಬ್ಬಿಯ ಕೇಬಲ್ಲೂ ತಿಂಗಳಿಗೊಮ್ಮೆ ಕಳಚಿಕೊಂಡು ತನ್ನ ಊರಿನ ಮರ್ಯಾದೆ ಕಾಯುತ್ತದೆ. ಈ ಐದು ಡಬ್ಬಿಗಳ ಪಾಠ ನಡೆಯುವವರೆಗೆ ನನ್ನ ಕರಾರಿನ ನೌಕರಿ. ಡಬ್ಬಿ ಹೋದರೆ ಪಾಠ ಹೋಯಿತು, ಪಾಠದ ಹಿಂದೆ ನಾನು.

ಅವು ಮಾಡುವ ಕೆಲಸ ದೊಡ್ಡದೇನಲ್ಲ. ತೊಗರಿ ಎಲೆಗಳ ಚಿತ್ರ ನೋಡಿ ರೋಗದ ಕಲೆ ಹುಡುಕುವುದು. ಒಂದು ಡಬ್ಬಿಯಲ್ಲಿ ಪ್ರೋಗ್ರಾಮಿನ ನಾಲ್ಕು ಪ್ರತಿ, ಒಟ್ಟು ಇಪ್ಪತ್ತು ಜನ ಎನ್ನಿ. ಯಾರ ನೆನಪು ಅವರವರದು. ಒಬ್ಬನಿಗೆ ಗೊತ್ತಿದ್ದದ್ದು ಇನ್ನೊಬ್ಬನಿಗೆ ಗೊತ್ತಾಗಬೇಕಾದರೆ ಸಂದೇಶ ಕಳಿಸಬೇಕು. ಡಬ್ಬಿಗೊಂದರಂತೆ ಗುಂಪು ಮಾಡಿ, ಆ ಗುಂಪಿಗೆ ಊರಿನ ಹೆಸರು ಕೊಟ್ಟು, ಆಮೇಲೆ ಬೇಕಾದಾಗ 'ನಿನ್ನ ಗುಂಪಿನ ಹೆಸರೇನು' ಎಂದು ಕೇಳಬಹುದು. ಕೆಲಸ ನಿಂತರೆ ಎಲ್ಲಿ ನಿಂತಿತೆಂದು ತಿಳಿಯಲು ಇದೇ ದಾರಿ.

ಒಂದು ಮಧ್ಯಾಹ್ನ ಇಪ್ಪತ್ತೂ ಜನಕ್ಕೆ ಗುಂಪಿನ ಹೆಸರು ಕೇಳಿದೆ. ಮೊದಲನೆಯವನು 'ಸೇಡಂ' ಎಂದ. ಉಳಿದ ಹತ್ತೊಂಬತ್ತು ಸಾಲು ಖಾಲಿ.

ನಮ್ಮ ವಿಭಾಗದ ಮುಖ್ಯಸ್ಥರು, ಅಂದರೆ ಸರ್, ಬೆನ್ನ ಹಿಂದೆಯೇ ನಿಂತಿದ್ದರು. ಅವರಿಗೆ ಹೊಸ ಡಬ್ಬಿಗಳ ಆಸೆ ಬಹಳ ದಿನದ್ದು. ಮುಖದಲ್ಲಿ ದುಃಖ ತಂದುಕೊಳ್ಳಲು ಅವರು ಪಟ್ಟ ಕಷ್ಟ ನೋಡಿ ನನಗೇ ಪಾಪ ಎನಿಸಿತು.

"ಡಬ್ಬಿ ಸತ್ತಾವ್ರಿ ಮೇಡಂ. ತಮ್ಮ ಹೆಸ್ರು ತಮಗ ನೆನಪಿಲ್ಲ. ನಮ್ಮ ದೊಡ್ಡಪ್ಪಗೂ ಕಡೀಕ ಹಿಂಗೇ ಆಗಿತ್ತು."

ಜವಾನನನ್ನು ಕರೆದು ಡಬ್ಬಿಗಳ ಮೇಲಿನ ಹೆಸರಿನ ಚೀಟಿಗಳನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಅಂಟಿಸಿದರು. ಇನ್ನೊಮ್ಮೆ ನಡೆಸಿದೆ. ಚೀಟಿ ಓದುವ ಕಣ್ಣು ಅವಕ್ಕಿಲ್ಲವಾದ್ದರಿಂದ ಉತ್ತರ ಬದಲಾಗಲಿಲ್ಲ. ಹೀಗೆ ವೈಜ್ಞಾನಿಕ ಪರೀಕ್ಷೆ ಮುಗಿದ ಮೇಲೆ, ಐದನ್ನೂ ಗುಜರಿಗೆ ಹಾಕಬೇಕೆಂದು ಸರ್ ಪ್ರಾಂಶುಪಾಲರಿಗೆ ಪತ್ರ ಬರೆದರು. ಮರುದಿನ ಬೆಳಿಗ್ಗೆ ಅದು ಹೋಗುವುದಿತ್ತು.

ಸಂಜೆ ವಾಡಿಯ ಮನೆಗೆ ಮರಳುವ ರೈಲಿನಲ್ಲಿ ಆ ಇಪ್ಪತ್ತು ಸಾಲಿನ ಪಟ್ಟಿಯನ್ನೇ ಹಿಡಿದು ಕುಳಿತಿದ್ದೆ. ಚಿತ್ತಾಪುರ ಬರುವ ಮೊದಲು ಒಂದು ಸಂಗತಿ ಕಣ್ಣಿಗೆ ಬಿತ್ತು. ಖಾಲಿ ಸಾಲುಗಳಲ್ಲಿ ಮೊದಲ ಮೂರು ಸೇಡಂ ಡಬ್ಬಿಯವೇ. ಒಂದೇ ಡಬ್ಬಿ, ಒಬ್ಬನಿಗೆ ಹೆಸರು ಗೊತ್ತು, ಮೂವರಿಗಿಲ್ಲ. ಡಬ್ಬಿ ಸತ್ತಿದ್ದರೆ ನಾಲ್ವರಿಗೂ ಗೊತ್ತಿರಬಾರದಿತ್ತು.

ನನ್ನ ಮದುವೆಯಲ್ಲಿ ಮಾವನವರು ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ನನಗೊಂದು ಹೊಸ ಹೆಸರು ಬರೆದರು. ನಮ್ಮ ಕಡೆ ಅದು ಪದ್ಧತಿ. ಹಿರಿಯರು ಒಮ್ಮೆ ಹೇಳಿದರೆ ಮನೆಯವರಿಗೆಲ್ಲ ಹೇಳಿದಂತೆ. ಆದರೆ ಸೇಡಂ ತಾಲೂಕಿನದೇ ಆದ ಮುಧೋಳದ ನನ್ನ ತವರಿನವರಿಗೆ ಆ ಹೆಸರು ಬಾಯಿಗೆ ಬರಲೇ ಇಲ್ಲ. ಮೊದಲ ಪಂಚಮಿಗೆ ಅಮ್ಮ ಹೊಲಿಸಿದ ಕುಪ್ಪಸ ತೆಗೆದುಕೊಂಡು ಅಲ್ಲಿಯ ದರ್ಜಿ ಚಾಚಾ ವಾಡಿಯ ನಮ್ಮ ಕ್ವಾರ್ಟರ್ಸಿಗೆ ಬಂದು ನನ್ನ ತವರಿನ ಹೆಸರು ಕೇಳಿದಾಗ, ನನ್ನ ನೆಗೆಣ್ಣಿ ಬಾಗಿಲಲ್ಲೇ ನಿಂತು "ಅಂಥಾಕಿ ಇಲ್ಲಿ ಯಾರೂ ಇಲ್ರಿ ಚಾಚಾ" ಎಂದಿದ್ದಳು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಬಡಿಯುವ ಸದ್ದಿನಲ್ಲಿ ಏನೂ ಕೇಳಲಿಲ್ಲ. ಚಾಚಾ ಗಂಟಿನೊಂದಿಗೆ ವಾಪಸ್ಸು, ನನಗೆ ಹಳೆಯ ಕುಪ್ಪಸದಲ್ಲೇ ಪಂಚಮಿ.

ಇಷ್ಟು ಅನುಭವವಿದ್ದ ನಾನು ಪ್ರೋಗ್ರಾಮಿನಲ್ಲಿ ಮಾಡಿದ್ದೇನು? ಹೆಸರಿಡುವ ಸಾಲನ್ನು 'ಇಪ್ಪತ್ತರಲ್ಲಿ ನೀನು ಮೊದಲನೆಯವನಾಗಿದ್ದರೆ ಮಾತ್ರ' ಎಂಬ ಷರತ್ತಿನೊಳಗೆ ಬರೆದಿದ್ದೆ. ಮನೆಯ ಹಿರಿಯನಿಗೆ ಹೇಳಿದೆನಲ್ಲ, ಇನ್ನೇನು ಬೇಕು! ಇಲ್ಲಿ ಹಾಗಲ್ಲ. ಒಬ್ಬನಲ್ಲಿಟ್ಟ ಹೆಸರು ಅವನ ನೆನಪಿನಲ್ಲೇ ಉಳಿಯುತ್ತದೆ. ಪಕ್ಕದವನಿಗೆ ತಾನಾಗಿ ಹೋಗುವುದಿಲ್ಲ. ಇಪ್ಪತ್ತೂ ಜನ ತಮ್ಮ ತಮ್ಮ ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಬೆಳಿಗ್ಗೆ ಸರ್ ಬರುವುದರೊಳಗೆ ಆ ಸಾಲನ್ನು ಷರತ್ತಿನ ಹೊರಗೆ ತಂದೆ. ಇಪ್ಪತ್ತೂ ಜನ ಹೆಸರು ಹೇಳಿದರು, ಚಿಂಚೋಳಿ ಕೂಡ. ಸರ್ ಪಟ್ಟಿಯನ್ನು ಎರಡು ಸಲ ನೋಡಿದರು. ಸಂತೋಷಪಟ್ಟಂತೆ ಕಾಣಲಿಲ್ಲ.

"ಪತ್ರಕ್ಕ ನಂಬರ್ ಬಿದ್ದದಲ್ರಿ," ಎಂದರು.

ನಮ್ಮ ಆಫೀಸಿನ ರಿಜಿಸ್ಟರಿನಲ್ಲಿ ನಂಬರ್ ಬಿದ್ದ ಪತ್ರವೆಂದರೆ ಹುಟ್ಟಿದ ಕೂಸಿದ್ದಂತೆ, ಒಳಗೆ ಕಳಿಸಲಾಗದು. ಡಬ್ಬಿ ಸರಿಯಿದ್ದರೆ ನಿನ್ನೆ ಖಾಲಿ ಬಂದದ್ದೇಕೆ, ಮೇಲಿನವರು ಕೇಳಿದರೆ ಏನು ಹೇಳಲಿ ಎಂಬುದು ಅವರ ಚಿಂತೆ. ತಪ್ಪಿಗೆ ಒಬ್ಬರು ಬೇಕಿತ್ತು. ಸುಮ್ಮನಿದ್ದರೆ ಆ ಒಬ್ಬರು ಡಬ್ಬಿಗಳಾಗುತ್ತಿದ್ದವು.

"ಇನ್ನೊಂದು ಪತ್ರ ಬರೀರಿ ಸರ್. ಡಬ್ಬಿ ಛಲೋ ಅವ, ತಪ್ಪು ಮೇಡಂದು ಅಂತ."

"ಖರೇನ ಬರೀಲೇನ್ರಿ?"

"ಬರೀರಿ. ನಾನೂ ಸಹಿ ಹಾಕ್ತೀನಿ."

ಅಷ್ಟು ಬೇಗ ಸರ್ ಯಾವ ಪತ್ರವನ್ನೂ ಬರೆದದ್ದು ನಾನು ನೋಡಿಲ್ಲ. ಮೊದಲಿನ ಪತ್ರದಲ್ಲಿ ಡಬ್ಬಿಗಳ ಬಗ್ಗೆ ಮೂರು ಸಾಲಿತ್ತು. ಇದರಲ್ಲಿ ನನ್ನ ಬಗ್ಗೆ ಒಂದು ಪುಟ. ಮೂರನೆಯ ದಿನ ನನಗೊಂದು ನೋಟಿಸು ಬಂತು, ವಿವರಣೆ ಕೊಟ್ಟೆ. ಕರಾರು ಇನ್ನೊಂದು ವರ್ಷ ಮುಂದುವರಿದಿದೆ. ಆದೇಶದಲ್ಲಿ 'ನಿರ್ಲಕ್ಷ್ಯ' ಎಂಬ ಪದ ಎರಡು ಕಡೆ ಇದೆ. ಐದೂ ಡಬ್ಬಿಗಳು ಕಿಟಕಿಯ ಪಕ್ಕದಲ್ಲೇ ಇವೆ. ಸೋಮವಾರ ಹತ್ತೂವರೆಗೆ ಪಾಠ.