ಮೂರು ಮೀನಿನ ಹೊಟ್ಟೆ

ಸರ್ಜಾಪುರದ ಹತ್ತಿರದ ಹಳ್ಳದಲ್ಲಿ ಮೀನು ಹಿಡಿಯುತ್ತಿದ್ದ ಆಕೆ ಬೆಳಗ್ಗೆ ಆರಕ್ಕೆಲ್ಲ ನೀರಿಗೆ ಇಳಿದಿರುತ್ತಿದ್ದಳು. ನಾನು ನಡೆಯಲು ಹೋಗುವ ಹೊತ್ತೂ ಅದೇ.

ಬಲೆ ಎತ್ತಿದೊಡನೆ ಜಾತಿಗೊಂದರಂತೆ ಮೀನನ್ನು ಉಗುರಿನಿಂದಲೇ ಸೀಳಿ, ಹೊಟ್ಟೆಯಲ್ಲಿದ್ದುದನ್ನು ಅಂಗೈ ಮೇಲೆ ಹರಡಿ ನೋಡುವಳು. ಮೇಲೆ ಈಜುವ ಬೆಳ್ಳಿಮೀನಿನಲ್ಲಿ ಇರುವೆ, ಸೊಳ್ಳೆ. ನಡುನೀರಿನ ಪಕ್ಕೆಮೀನಿನಲ್ಲಿ ಪಾಚಿ. ತಳದ ಮೀಸೆಮೀನಿನಲ್ಲಿ ಬಸವನಹುಳುವಿನ ಮರಿ.

“ಒಬ್ಬೊಬ್ರಿಗೆ ಒಂದೊಂದು ಊಟದೆಲೆ ಸಾರ್. ಅದ್ಕೇ ಇಷ್ಟು ನೀರಲ್ಲಿ ಜಗಳ ಇಲ್ದೆ ಬಾಳ್ತಾವೆ,” ಎನ್ನುವಳು. ಭಾನುವಾರದ ಸಾರಿಗೆ ನಾನು ಅವಳಿಂದಲೇ ಮೀನು ಕೊಳ್ಳುತ್ತಿದ್ದೆ.

ಕಳೆದ ವರ್ಷ ಒಂದು ಭಾನುವಾರ ಮೂರನ್ನೂ ಸೀಳಿದವಳು ಅಂಗೈಯನ್ನು ಕಣ್ಣ ಹತ್ತಿರ ತಂದಳು. ಮೂರರ ಹೊಟ್ಟೆಯಲ್ಲೂ ಕೆಂಪು ದಾರದ ತುಂಡಿನಂಥ ಒಂದೇ ಹುಳು. ಮತ್ತೆ ಮೂರು ಸೀಳಿದಳು. ಅದೇ.

“ಕಕ್ಕಸ್ ನೀರಿನ ಉಳ ಸಾರ್ ಇದು. ಬೇರೆ ಏನೂ ಉಳ್ದಿಲ್ಲ, ಎಲ್ಲಾ ಇದ್ನೇ ತಿಂತಾವೆ.”

ಹೋದ ವಾರವೂ ನಾನು ಇದೇ ಹಳ್ಳದ ಮೀನು ತಿಂದಿದ್ದೆ. ಆಕೆ ಅಂದಿನ ದುಡಿಮೆಯನ್ನೆಲ್ಲ ಗುಂಡಿಗೆ ಸುರಿದು ಮಣ್ಣೆಳೆದಳು.

“ನಾಳೆಯಿಂದ ಏನಮ್ಮ ಮಾಡ್ತೀಯ?”

“ಮೊದ್ಲು ಈ ನೀರ್ನ ಯಾವನ್ ಬಿಟ್ಟವ್ನೋ ನೋಡನ ಬನ್ನಿ,” ಎಂದು ಹಳ್ಳದ ಮೇಲ್ಗಡೆಗೆ ನಡೆದಳು. ನಾನೂ ಹಿಂದೆ ಹೋದೆ. ಒಂದೆಡೆ ಪೊದೆ ಸರಿಸಿದಳು. ದಪ್ಪ ಪೈಪಿನಿಂದ ಕಪ್ಪು ನೀರು ಬೀಳುತ್ತಿತ್ತು. ತಲೆಯೆತ್ತಿದರೆ ನಮ್ಮ ಅಪಾರ್ಟ್‌ಮೆಂಟಿನ ಹಿಂಬದಿಯ ಗೋಡೆ. ಕೊಳಚೆ ನೀರು ಶುದ್ಧವಾಗಿಯೇ ಹೊರಹೋಗುತ್ತಿದೆ ಎಂದು ತಿಂಗಳು ತಪ್ಪದೆ ಸಹಿ ಹಾಕುತ್ತಿದ್ದ ನಿವಾಸಿಗಳ ಸಂಘದ ಕಾರ್ಯದರ್ಶಿ ನಾನೇ.

“ಈ ಗೋಡೆ ಒಳಗಡೆ ಯಾರವ್ರೆ ಸಾರ್?” ಎಂದಳು. “ನಿಮ್ಗೇನಾದ್ರೂ ಪರಿಚಯ ಇದ್ರೆ ಒಂದ್ಮಾತು ಹೇಳಿ.”