ಭಾನುವಾರದ ಎಲೆ

ಆಗೆಲ್ಲ ಶಿಡ್ಲಘಟ್ಟದಲ್ಲಿ ಯಾರ ಕಣ್ಣು ಹಳದಿಯಾದರೂ ಮೊದಲು ಬರುತ್ತಿದ್ದುದು ನಮ್ಮ ಅಜ್ಜಿಯ ಹತ್ತಿರ. ಕಾಮಾಲೆಗೆ ಅವಳು ಕೊಡುತ್ತಿದ್ದ ಸೊಪ್ಪು ಯಾವುದೆಂದು ಯಾರಿಗೂ ಹೇಳುತ್ತಿರಲಿಲ್ಲ. ಹೇಳಿದರೆ ಔಷಧಿ ಫಲಿಸುವುದಿಲ್ಲ ಎಂಬ ನಂಬಿಕೆ. ತನ್ನ ಕಣ್ಣಿಗೆ ಪೊರೆ ಬಂದ ಮೇಲೆ ಗಿಡವನ್ನು ನನಗೊಬ್ಬಳಿಗೆ ತೋರಿಸಿ, ತನ್ನ ತಲೆ ಮೇಲೆ ನನ್ನ ಕೈ ಇರಿಸಿಕೊಂಡು ಆಣೆ ಮಾಡಿಸಿದ್ದಳು. ನನಗಾಗ ಒಂಬತ್ತು ವರ್ಷ. ಕಾನ್ವೆಂಟಿಗೆ ಬೇಸಿಗೆ ರಜೆ.

ಆ ಭಾನುವಾರವೂ ಎಂದಿನಂತೆ ಕಾಗೆ ಕೂಗುವ ಮೊದಲೇ ಎದ್ದೆ. ತಣ್ಣೀರು ಹುಯ್ದುಕೊಂಡು, ಯಾರನ್ನೂ ಮಾತಾಡಿಸದೆ ಹಿಪ್ಪುನೇರಳೆ ತೋಟದ ಬೇಲಿಗೆ ಹೋದೆ. ಆಚೆ ಬೀದಿಯಿಂದ ರೇಷ್ಮೆಗೂಡು ಬೇಯಿಸುವ ವಾಸನೆ ಆಗಲೇ ಎದ್ದಿತ್ತು. ಮಸುಕಿನಲ್ಲಿ ಒಂದು ಹಿಡಿ ಕಿತ್ತು ಲಂಗದ ಮಡಿಲಲ್ಲಿ ತಂದೆ. ಅಜ್ಜಿ ಯಾವಾಗಲೂ ಎಲೆಯನ್ನು ಉಜ್ಜಿ ಮೂಸಿ ನೋಡುತ್ತಿದ್ದಳು. ಅವತ್ತು ಅವಳಿಗೆ ನೆಗಡಿ. ಮೂಸಿದಂತೆ ಮಾಡಿ ಒರಳಿಗೆ ಹಾಕಿದಳು.

ಔಷಧಿ ನನ್ನ ತಂಗಿ ಸರಸುಗೆ. ಆರು ವರ್ಷದವಳು. ಹಳದಿ ಗೊಂಬೆ ಎಂದು ನಾನು ರೇಗಿಸಿದರೆ ಉಗುರು ತೋರಿಸಿ ನಗುತ್ತಿದ್ದಳು. ಹಾಲಲ್ಲಿ ಕಲಸಿದ್ದನ್ನು ಮೂಗು ಹಿಡಿದುಕೊಂಡು ಕುಡಿದಳು. ಉಪ್ಪಿಲ್ಲದ ಮೊಸರನ್ನ ತಿನ್ನಬೇಕಾದರೆ ಸಂಜೆ ಹುರಿಗಡಲೆ ಬೇಕೆಂದು ಅಮ್ಮನಿಂದ ಮಾತು ತೆಗೆದುಕೊಂಡಳು.

ಬಿಸಿಲೇರುವ ಹೊತ್ತಿಗೆ ವಾಂತಿ ಶುರುವಾಯಿತು. ಆಮೇಲೆ ಕೈಕಾಲು ಸೆಟೆದುಕೊಂಡವು. ಅಪ್ಪ ಜಟಕಾದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಅಜ್ಜಿಯೂ ನಾನೂ ಜೊತೆಗೆ. ಯಾವ ಸೊಪ್ಪು ಕೊಟ್ಟಿರಿ, ಗೊತ್ತಾದರೆ ತಕ್ಕ ಮದ್ದು ಕೊಡಬಹುದು ಎಂದು ಡಾಕ್ಟರು ಮತ್ತೆ ಮತ್ತೆ ಕೇಳಿದರು. ಅಜ್ಜಿ ನೆಲ ನೋಡುತ್ತಾ ನಿಂತಳು. ಅಪ್ಪ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ನೀನೇ ಅಲ್ವೇನಮ್ಮ ಕಿತ್ತಿದ್ದು? ಹೆಸರು ಬೇಡ, ಗಿಡ ತೋರಿಸು ಸಾಕು."

"ನಂಗೊತ್ತಿಲ್ಲಪ್ಪ" ಎಂದೆ.

ಸುಳ್ಳು ಪಾಪವೆಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಆದರೆ ಔಷಧಿ ಇನ್ನೂ ಸರಸುವಿನ ಹೊಟ್ಟೆಯಲ್ಲಿತ್ತು. ನಾನು ಬಾಯಿಬಿಟ್ಟರೆ ಅದು ಅಲ್ಲೇ ಕೆಟ್ಟು, ಅವಳು ಉಳಿಯುವುದಿಲ್ಲ ಎಂದುಕೊಂಡಿದ್ದೆ. ಮಧ್ಯಾಹ್ನ ಮೂರರೊಳಗೆ ಹೋಗಿಬಿಟ್ಟಳು.

ಆ ಬೇಲಿಯ ಜಾಗದಲ್ಲಿ ಈಗ ಮನೆಗಳಿವೆ. ಅಜ್ಜಿ ಗಿಡದ ಹೆಸರು ಹೇಳದೆಯೇ ಹೋದಳು. ನನಗೆ ಗೊತ್ತಿದ್ದುದು ಗಿಡ ಮಾತ್ರ. ಆ ಸೊಪ್ಪು ಅಷ್ಟು ಜನರನ್ನು ನಿಜವಾಗಿ ವಾಸಿಮಾಡಿತ್ತೋ, ಅವರು ತಾವಾಗೇ ವಾಸಿಯಾಗಿದ್ದರೋ, ಅವತ್ತು ನನ್ನ ಕೈ ಪಕ್ಕದ ಗಿಡಕ್ಕೆ ಹೋಗಿತ್ತೋ, ಪರೀಕ್ಷೆ ಮಾಡಿಸೋಣವೆಂದರೆ ಒಂದು ಎಲೆಯೂ ಉಳಿದಿಲ್ಲ. ಸರಸುವಿನ ಒಂದು ಫೋಟೋ ಕೂಡ ಇಲ್ಲ.

ಆ ಸಂಜೆ ನಮ್ಮ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಪಕ್ಕದ ಮನೆ ನಂಜಮ್ಮ ಮುದ್ದೆ, ಸಾರು ತಂದಿಟ್ಟರು. ಆಸ್ಪತ್ರೆಯಲ್ಲಿ ನಡೆದದ್ದನ್ನೆಲ್ಲ ಕೇಳಿಕೊಂಡು, ಹೊರಡುವಾಗ ನನ್ನ ತಲೆ ಸವರಿ ಅಜ್ಜಿಗೆ ಹೇಳಿದರು:

"ಸದ್ಯ, ಮಗು ಬಾಯಿ ಬಿಡ್ಲಿಲ್ವಲ್ಲ, ಔಷಧಿ ಕೆಡ್ಲಿಲ್ಲ. ನಮ್ಮ ಅಳಿಯಂಗೂ ಕಣ್ಣು ಹಳದಿಯಾಗೈತೆ. ಬರೋ ಭಾನುವಾರ ಕಳಿಸ್ತೀನಿ ಕಣಮ್ಮ."