ಏಳು ವೋಲ್ಟಿನ ದನಿ

ಬಿಸಿಲೇರುವ ಮೊದಲೇ ಘಿಸ್ಸಾನ ಸುತ್ತಿಗೆ ಬೆಳ್ಳಿಯ ಮೇಲೆ ಬೀಳುವ ಸಣ್ಣ ಸದ್ದು ಗಲ್ಲಿ ದಾಟಿ ಬರುತ್ತಿತ್ತು. ಸಹಾರಾ ಮರಳುಗಾಡಿನ ಊರು ತಾಮನ್ರಾಸೆತ್‌ನ ಆ ಕೇರಿ ಏಳುವುದೇ ಆ ಸದ್ದಿಗೆ. ಆವತ್ತು ಅದು ನಡುವೆ ನಿಂತಿತು. ಖಮಾದಿನ್ ಚಾಪೆಯ ಮೇಲೆ ಎದ್ದು ಕೂತ. ಸುತ್ತಿಗೆ ನಿಂತರೆ ಬೆಸುಗೆಯ ಸಲಾಕೆ ಕೆಂಡಕ್ಕೆ ಬಿತ್ತು ಎಂದೇ ಲೆಕ್ಕ. ಘಿಸ್ಸಾ ಕೊನೆಗೂ ಅವನ ಗಿಟಾರಿನ ಪೆಡಲನ್ನು ಕೈಗೆತ್ತಿಕೊಂಡಿದ್ದ.

ಒಂದು ಕಾಲಕ್ಕೆ ಖಮಾದಿನ್ ಹಾಡುತ್ತಿದ್ದ. ಬಿರುಕು ಬಿಟ್ಟಂಥ ದನಿ, ಸಾಲಿನ ಕೊನೆಗೆ ಒಡೆದು ಎರಡಾಗುತ್ತಿತ್ತು. ಗಂಟಲಲ್ಲಿ ಗಡ್ಡೆ ಎದ್ದು, ಉತ್ತರದ ಆಸ್ಪತ್ರೆಯಲ್ಲಿ ಅದನ್ನು ತೆಗೆಸಿಕೊಂಡು ಬಂದ ಮೇಲೆ ಉಳಿದದ್ದು ಬರೀ ಪಿಸುಮಾತು. ಆಮೇಲೆ ಅವನು ಗಿಟಾರಿಗೇ ಅಂಟಿಕೊಂಡ. ಗಿಟಾರಿನ ನಾದವನ್ನು ಒರಟಾಗಿಸುವ ಆ ಪೆಡಲ್ ಅಂಗೈಯಗಲದ ಕಬ್ಬಿಣದ ಪೆಟ್ಟಿಗೆ. ಒಳಗೊಂದು ಒಂಬತ್ತು ವೋಲ್ಟಿನ ಚೌಕ ಬ್ಯಾಟರಿ. ಕಾಲಲ್ಲಿ ತುಳಿದರೆ ಕೆಲಸ ಶುರು. ಹೋದ ಚಳಿಗಾಲ ಒಂದು ಮದುವೆಯಲ್ಲಿ ಅದನ್ನು ತುಳಿದಾಗ ಸ್ಪೀಕರಿನಿಂದ ಅವನದೇ ಹಳೆಯ ದನಿ ಹೊರಬಂತು. ಅದೇ ಬಿರುಕು, ಕೊನೆಯಲ್ಲಿ ಅದೇ ಒಡಕು. ಹೆಂಗಸರ ಚಪ್ಪಾಳೆ ನಿಂತಿತು. ಯಾರೋ ಮುದುಕಿ ಅವನ ಹೆಸರು ಹಿಡಿದು ಕರೆದಳು, ಬಹಳ ದಿನ ಊರಲ್ಲಿಲ್ಲದವನನ್ನು ಕರೆಯುವ ಹಾಗೆ.

ಕೆಲವು ಮದುವೆಗಳ ತನಕ ಆ ದನಿ ಇತ್ತು. ಆಮೇಲೆ ಬ್ಯಾಟರಿ ಸತ್ತಿತು. ಹೊಸದು ಹಾಕಿದರೆ ಪೆಡಲ್ ಗಟ್ಟಿಯಾಗಿ, ಸ್ವಚ್ಛವಾಗಿ, ಇನ್ಯಾರದೋ ಗಂಟಲಿನಿಂದ ಮಾತಾಡಿತು.

ಹಾಡಿನ ಗುಂಪು ತಕ್ರಿಸ್ತ್‌ಳದು. ಅವಳು ಖಮಾದಿನ್‌ನ ಸೋದರತ್ತೆಯ ಮಗಳು. ಅವನನ್ನು ಕಿಚಾಯಿಸುವುದು ಅವಳ ಹುಟ್ಟಿನಿಂದ ಬಂದ ಹಕ್ಕು. ಆದರೆ ಇವತ್ತಿನ ಮದುವೆಯಲ್ಲಿ ಹಾಡಲು ಗುಂಪು ಒಪ್ಪಿಕೊಂಡ ದಿನ ಅವಳು ಕಿಚಾಯಿಸಲಿಲ್ಲ.

"ಭಾವ, ನಿನ್ ದನಿ ಬಂದ್ರೆ ನಿನ್ ಜೊತೆ ಹಾಡ್ತೀನಿ. ಬರೀ ತಂತಿ ಮೀಟೋಕಾದ್ರೆ ಇಂತಿದಾವೋ ಸಾಕು. ಈ ಮದುವೇಲಿ ನೋಡ್ತೀನಿ, ಅಷ್ಟೇ."

ಇಂತಿದಾವೋ ಗುಂಪಿನ ಎರಡನೇ ಗಿಟಾರಿನವನು, ಚುರುಕು ಬೆರಳಿನ ತರುಣ. ಅವನ ಮೇಲೆ ಖಮಾದಿನ್‌ಗೆ ಸಿಟ್ಟೂ ಬರುತ್ತಿರಲಿಲ್ಲ. ಅದೇ ಕಷ್ಟವಾಗಿತ್ತು.

ದನಿ ಇದ್ದದ್ದು ಪೆಡಲಿನಲ್ಲಲ್ಲ, ಬ್ಯಾಟರಿಯ ಆಯಾಸದಲ್ಲಿ ಎಂದು ಹೇಳಿದವನು ಘಿಸ್ಸಾ. ಎಷ್ಟು ಆಯಾಸ ಎಂದು ತಿಳಿಯಬೇಕಲ್ಲ. ಅದಕ್ಕೇ ಯಾವುದೋ ಮೋಟಾರ್ ಸೈಕಲ್ಲಿನಿಂದ ಕಿತ್ತ ವೋಲ್ಟ್ ಮೀಟರನ್ನು ಅವನು ಪೆಡಲಿನ ನೆತ್ತಿಗೆ ಕೂರಿಸುತ್ತಿದ್ದ. ಘಿಸ್ಸಾ ಕಮ್ಮಾರರ ಕುಲದವನು, ಅಲ್ಲಿಯ ರೂಢಿಯಂತೆ ಖಮಾದಿನ್‌ನಂಥ ದೊರೆ ಮನೆತನದವರನ್ನೂ ಹಂಗಿಸಬಲ್ಲ. "ಬೇರೆ ದೊರೆಗಳು ಎಳೇ ಒಂಟೆ ಹುಡುಕ್ತಾರೆ. ನಮ್ ದೊರೆ ಮುದಿ ಬ್ಯಾಟರಿ ಹುಡುಕ್ತಾನೆ," ಎನ್ನುತ್ತ ತಂತಿಗೆ ಬೆಸುಗೆ ಹಾಕಿದ.

ಖಮಾದಿನ್ ಒಂದು ಬ್ಯಾಟರಿಯನ್ನು ರೇಡಿಯೊಗೆ ಕಟ್ಟಿ, ಮನೆಯಲ್ಲಿ ಯಾರೂ ಕೇಳದ ವಾರ್ತೆಗಳನ್ನು ಓದಿಸಿ ಓದಿಸಿ, ವಾರಗಟ್ಟಲೆ ದಣಿಸಿ ಇಟ್ಟಿದ್ದ. ಅದನ್ನು ಹಾಕಿ ಗಿಟಾರಿನ ವಯರ್ ಚುಚ್ಚಿದಾಗ ಮೀಟರಿನ ಕೆಂಪು ಅಂಕಿ ಹೊತ್ತಿತು. ಏಳು ಚಿಲ್ಲರೆ. ಅವನು ನುಡಿಸುತ್ತಾ ಹೋದ. ಅಂಕಿ ಏಳಕ್ಕೆ ಇಳಿದದ್ದೇ ದನಿ ಬಂತು. ಘಿಸ್ಸಾ ಹಂಗಿಸುವುದನ್ನು ಮರೆತು ಸಲಾಕೆ ಕೆಳಗಿಟ್ಟ. ಬ್ಯಾಟರಿ ಇನ್ನೂ ಇಳಿಯಬಾರದೆಂದು ಖಮಾದಿನ್ ತಟ್ಟನೆ ವಯರ್ ಕಿತ್ತ. ಅಂಕಿ ಆರಿತು.

ಮೀಟರಿಗೊಂದು ಗುಂಡಿ ಇಡುತ್ತೇನೆ, ಬೇಕಾದಾಗ ಮಾತ್ರ ಒತ್ತಿ ನೋಡು ಎಂದು ಘಿಸ್ಸಾ ಹೇಳಿದ. ಖಮಾದಿನ್ ಒಪ್ಪಲಿಲ್ಲ. "ಕಣ್ಣಿಗೆ ಕಾಣ್ತಾನೇ ಇರ್ಬೇಕು," ಎಂದು ಪಿಸುಗುಟ್ಟಿದ. ಒಮ್ಮೆ ಹೇಳದೆ ಕೇಳದೆ ಹೋದ ದನಿ ಅದು.

ಮಧ್ಯಾಹ್ನ ಇಳಿಯುವಾಗ ಮದುವೆಯ ಡೇರೆಯ ಮುಂದೆ ಜಮಖಾನ ಹಾಸಿ, ವಯರುಗಳನ್ನು ಚುಚ್ಚಿ, ಸ್ಪೀಕರ್ ಪರೀಕ್ಷೆ ಮಾಡಿದರು. ಅಂಕಿ ಏಳರ ಹತ್ತಿರವೇ ಇತ್ತು. ಅಷ್ಟರಲ್ಲಿ ಮದುಮಗಳ ಸೋದರಮಾವ ಬಂದು ಖಮಾದಿನ್‌ನ ಕೈ ಹಿಡಿದು ಟೀ ಕುಡಿಯಲು ಕರೆದೊಯ್ದ. ಟೀ ಎಂದರೆ ಮೂರು ಲೋಟ, ಕೊನೆಯದು ಸಿಹಿ. ಮೂರನೆಯದರ ಮೊದಲು ಎದ್ದರೆ ಆ ಮನೆಗೆ ಉಗಿದಂತೆ. ಪೆಡಲನ್ನು ಯಾರೂ ತುಳಿಯುವುದಿಲ್ಲವಲ್ಲ, ಬ್ಯಾಟರಿ ತಣ್ಣಗಿರುತ್ತದೆ ಎಂದುಕೊಂಡು ಅವನು ಕೂತ.

ಮೊದಲ ಲೋಟ ಕಹಿಯಾಗಿತ್ತು. ಸೋದರಮಾವ ಟೀಯನ್ನು ಎತ್ತರದಿಂದ ಸುರಿದು, ಮತ್ತೆ ಪಾತ್ರೆಗೆ ಹಾಕಿ, ಮತ್ತೆ ಸುರಿಯುತ್ತಿದ್ದ. ಎರಡನೆಯದು ಕುದಿಯುವಾಗ ಖಮಾದಿನ್‌ನ ಕಣ್ಣು ಅತ್ತ ಹೋಯಿತು. ಅಂಕಿ ಆರೂವರೆಗೆ ಇಳಿದಿತ್ತು. ಯಾರೂ ಮುಟ್ಟಿರಲಿಲ್ಲ. ಆಗ ಅವನಿಗೆ ಹೊಳೆಯಿತು: ಬ್ಯಾಟರಿಯನ್ನು ತಿನ್ನುತ್ತಿದ್ದುದು ಮೀಟರಿನ ಆ ಕೆಂಪು ಬೆಳಕೇ. ಅದು ಮೋಟಾರ್ ಸೈಕಲ್ಲಿನ ದೊಡ್ಡ ಬ್ಯಾಟರಿಯ ಅನ್ನ ಉಂಡು ಬೆಳೆದದ್ದು.

ವಯರ್ ಕಿತ್ತರೆ ಸಾಕಿತ್ತು. ಪೆಡಲಿನ ಪಕ್ಕದಲ್ಲೇ ಇಂತಿದಾವೋ ಕೂತು ಶ್ರುತಿ ಮಾಡಿಕೊಳ್ಳುತ್ತಿದ್ದ. ಖಮಾದಿನ್ ಅವನ ಹೆಸರು ಕರೆದ. ಹೆಂಗಸರ ಡೋಲಿನ ಸದ್ದಿನಲ್ಲಿ ಆ ಪಿಸುಮಾತು ಅವನ ಮುಖಕ್ಕೆ ಸುತ್ತಿದ ಬಟ್ಟೆಯನ್ನೂ ದಾಟಲಿಲ್ಲ. ಕೈ ಎತ್ತಿ ಆಡಿಸಿದ. ಇಂತಿದಾವೋ ನೋಡಿದ, ಹಿರಿಯ ತನ್ನನ್ನು ಹರಸುತ್ತಿದ್ದಾನೆಂದುಕೊಂಡು ಎದೆ ಮುಟ್ಟಿ ತಲೆಬಾಗಿದ, ಮತ್ತೆ ತಂತಿಗೆ ತಿರುಗಿದ.

ಖಮಾದಿನ್ ಪಕ್ಕದಲ್ಲಿದ್ದ ಸೋದರಮಾವನ ತೋಳು ಮುಟ್ಟಿ, ಹೋಗಬೇಕು ಎಂದ. ಅವನಿಗೆ ಕೇಳಿಸಿತು. ಕೇಳಿಸಿಯೂ ನಕ್ಕ. "ಸಿಹಿ ಲೋಟ ಬಿಟ್ಟು ಹೋಗ್ತಾರಾ ಯಾರಾದ್ರೂ? ನಮ್ ಹುಡುಗಿ ಬಾಳಿಗೆ ಹುಳಿ ಹಿಂಡ್ಬೇಡಪ್ಪ." ಹಾಗೆಂದ ಮೇಲೆ ಏಳುವುದು ಹೇಗೆ? ಖಮಾದಿನ್ ಮೂರನೆಯ ಲೋಟವನ್ನು ಕೆಂಡದಂತೆ ನುಂಗಿದ.

ಜಮಖಾನ ತಲುಪುವಷ್ಟರಲ್ಲಿ ಅಂಕಿ ಆರಕ್ಕಿಂತ ಕೆಳಗಿತ್ತು. ಒಂದು ತಂತಿ ಮೀಟಿದ. ಸ್ಪೀಕರ್ ಮೇಕೆಯಂತೆ ಕೆಮ್ಮಿ ಸುಮ್ಮನಾಯಿತು. ಅವನು ವಯರ್ ಕಿತ್ತು, ಪೆಡಲ್ ಎತ್ತಿಕೊಂಡು, ಡೇರೆಯ ಹಿಂದೆ ಮಾಂಸ ಹಂಚುತ್ತಿದ್ದ ಘಿಸ್ಸಾನ ಬಳಿಗೆ ಓಡಿದ. ಘಿಸ್ಸಾ ನೋಡಿದವನೇ ಕೈ ಒರೆಸಿಕೊಂಡ.

"ಮೀಟರ್ ಕತ್ತರಿಸಿದ್ರೆ ಬ್ಯಾಟರಿ ಉಸಿರು ತಗೊಂಡು ಸ್ವಲ್ಪ ಏಳತ್ತೆ. ಎಷ್ಟು ಏಳತ್ತೆ ಅಂತ ನಂಗೊತ್ತಿಲ್ಲ, ದೊರೆ. ಆಮೇಲೆ ನೋಡೋಕೂ ಆಗಲ್ಲ."

ಖಮಾದಿನ್ ಅವನ ಕೈಯಿಂದ ಚಾಕು ತೆಗೆದುಕೊಂಡ. ಅದರ ಮೇಲೆ ಇನ್ನೂ ಕೊಬ್ಬು ಇತ್ತು. ಪೆಟ್ಟಿಗೆಯ ತಳ ಬಿಚ್ಚಿ, ಮೀಟರಿನ ತಂತಿಯನ್ನು ಕೊಯ್ದ.

ಡೋಲಿನ ಮೇಲಿಂದ ತಕ್ರಿಸ್ತ್‌ಳ ದನಿ ಬಂತು. "ಭಾವ, ಮದುಮಗಳಿಗೆ ಮಕ್ಕಳಾದ್ಮೇಲೆ ಬರ್ತೀಯಾ?" ಹೆಂಗಸರು ನಕ್ಕರು. ಅವಳು ಮಾತ್ರ ನಗುತ್ತಿಲ್ಲವೆಂದು ಅವನಿಗೆ ನೋಡದೆಯೇ ಗೊತ್ತಾಯಿತು.

ಅವನು ಪೆಡಲನ್ನು ಎದೆಗೆ ಅವಚಿಕೊಂಡು ಎದ್ದ. ಘಿಸ್ಸಾ ಬಗ್ಗಿ ಕಿವಿ ಕೊಟ್ಟ.

"ದನಿ ಬರ್ದೇ ಹೋದ್ರೆ ಗಿಟಾರ್‌ನ ಇಂತಿದಾವೋಗೆ ಕೊಟ್ಬಿಡು. ತಕ್ರಿಸ್ತ್‌ಗೆ ಹೇಳು, ನಾನು ಇನ್ಮೇಲೆ ನುಡಿಸಲ್ಲ ಅಂತ," ಎನ್ನುತ್ತಲೇ ಖಮಾದಿನ್ ಡೇರೆಯನ್ನು ಬಳಸಿಕೊಂಡು ಜಮಖಾನದ ಕಡೆಗೆ ನಡೆದುಬಿಟ್ಟ.